ಕೋರ್ಸು ಬಿಟ್ಟ ಹನ್ನೊಂದು ಹೆಂಗಸರು

ಕೇಸರಿ ಹೂ ಬಿಡುವ ಮೂರು ವಾರ ತಿಗ್ಮಿರಾ ಊರಿಗೆ ನೆಂಟರು ಬರುವುದಿಲ್ಲ. ಬಂದವರೂ ಸುಮ್ಮನೆ ಕೂರುವುದಿಲ್ಲ. ಚಾಪೆಯ ಮೇಲೆ ಸುರಿದ ಹೂವಿನ ರಾಶಿಯ ಸುತ್ತ ಜಾಗ ಮಾಡಿಕೊಂಡು, ಮಾತಾಡುತ್ತಲೇ ಎಳೆ ಬಿಡಿಸುತ್ತಾರೆ. ಬಿಸಿಲು ಸಿರ್ವಾ ಬೆಟ್ಟದ ಏಣು ದಾಟುವ ಮೊದಲು ಕೊಯ್ದ ಹೂವನ್ನು ಸಂಜೆಯೊಳಗೆ ಬಿಡಿಸದಿದ್ದರೆ ಎಳೆ ಕಂದಿಹೋಗುತ್ತದೆ. ಹೀಗಿರುವಾಗ ರಾಜಧಾನಿ ರಬಾತಿನಿಂದ ಬಂದ ಜವಾದ್ ಎಂಬ ಯುವಕ ಮುದುಕಿ ಯಾಮ್ನಾಳ ಅಂಗಳದಲ್ಲಿ ನಿಂತು ಹೂವಿನ ಬಣ್ಣವನ್ನು ಹೊಗಳಿದ. ರಾಶಿಯ ನಾಲ್ಕು ಫೋಟೋ ತೆಗೆದ. ಆಮೇಲೆ ಕೊಟ್ಟ ದಿಂಬಿಗೆ ಒರಗಿ ಕಾಲು ಚಾಚಿದ. ಅಷ್ಟರಲ್ಲಿ, ರಾಶಿಯ ಮುಂದೆ ಎಳೆ ಬಿಡಿಸುತ್ತಾ ಕೂತಿದ್ದ ಇಜ್ಜಾಗೆ ಅವನ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದುಹೋಯಿತು.

ಅವನು ಬಂದದ್ದು ಒಂದೇ ಒಂದು ಪ್ರಶ್ನೆ ಕೇಳಲು. ಅವನ ಸಂಸ್ಥೆ ಬೆಟ್ಟದ ಊರುಗಳ ಹೆಂಗಸರಿಗೆಂದು ಫೋನಿನಲ್ಲೇ ನೋಡಿ ಕಲಿಯುವ ಕೋರ್ಸು ನಡೆಸಿತ್ತು: ಕೇಸರಿಯ ಗುಣಮಟ್ಟ, ಹತ್ತು ಪಾಠ, ಪಾಠಕ್ಕೊಂದು ಪರೀಕ್ಷೆ. ತಿಗ್ಮಿರಾದಿಂದ ಹನ್ನೆರಡು ಮಂದಿ ಹೆಸರು ಕೊಟ್ಟಿದ್ದರು. ಒಬ್ಬಳು ಮುಗಿಸಿದ್ದಳು. ಉಳಿದ ಹನ್ನೊಂದು ಮಂದಿ ಯಾಕೆ ಬಿಟ್ಟರು? ಎಲ್ಲ ಊರುಗಳಲ್ಲೂ ಜನ ಬಿಟ್ಟಿದ್ದರಂತೆ. ಹಾಗಾಗಿ ಯಾಕೆ ಬಿಟ್ಟರೆಂದು ಹುಡುಕಲು ಈಗ ಹೊಸದೊಂದು ಯೋಜನೆ, ಅದಕ್ಕೊಂದು ಜೀಪು, ಆ ಜೀಪಿಗೆ ಈ ಜವಾದ್.

"ಧೈರ್ಯವಾಗಿ ಹೇಳಿ ಲಲ್ಲಾ ಇಜ್ಜಾ," ಎಂದು ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು ಸೇರಿಸಿ ಹೇಳಿದ. "ಯಾರೂ ನಿಮ್ಮನ್ನ ಬೈಯಲ್ಲ."

ಇಜ್ಜಾ ಅದನ್ನು ತನ್ನವರ ಭಾಷೆಗೆ ತಿರುಗಿಸಿ ಹೇಳಲಿಲ್ಲ. ಅಂಗಳದಲ್ಲಿ ಕೂತಿದ್ದ ಹೆಂಗಸರಲ್ಲಿ ಪೇಟೆಯ ಅರಬ್ಬಿ ಸರಿಯಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಮದುವೆಯಾದ ಹೊಸದರಲ್ಲಿ ಐದು ವರ್ಷ ಗಂಡ ಹ್ಮಾದ್ ಜೊತೆ ಕಾಸಾಬ್ಲಾಂಕಾದ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬದುಕಿದವಳು. ಗಿರಾಕಿಗಳ ಬೈಗುಳ ಕೇಳುತ್ತಲೇ ಆ ಭಾಷೆ ಕಲಿತವಳು. ಯಾರೂ ಬೈಯಲ್ಲ ಎಂದು ಹೇಳುವವನು ಬೈಯುವ ಜಾಗದಲ್ಲಿ ಕೂತಿರುತ್ತಾನೆಂದು ಆಗಲೇ ಅರಿತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದು ಕೋಣೆ. ಬೇಸಿಗೆಯ ಕೊನೆಯಲ್ಲಿ ಸಂಸ್ಥೆಯ ಹೆಂಗಸೊಬ್ಬಳು ಶಾಲೆಯಲ್ಲಿ ಸಭೆ ಕರೆದು ಹೇಳಿದ್ದಳು: ಹನ್ನೆರಡರಲ್ಲಿ ಎಂಟು ಮಂದಿಯಾದರೂ ಪ್ರಮಾಣಪತ್ರ ಪಡೆದರೆ ಊರಿಗೆ ಕೇಸರಿ ಪರೀಕ್ಷಿಸುವ ಕೋಣೆ ಕಟ್ಟಿಸಿಕೊಡುತ್ತೇವೆ, ತಕ್ಕಡಿ, ದೀಪ, ಮೊಹರು ಎಲ್ಲ ಅದರೊಳಗೆ. ಆ ಮೊಹರು ಬಿದ್ದ ಕೇಸರಿ ಯಾವ ದರ್ಜೆಯದೆಂದು ಹೇಳುವವರು ನೀವೇ. ಆವತ್ತಿನವರೆಗೆ ದರ್ಜೆ ಹೇಳುತ್ತಿದ್ದವನು ವರ್ತಕ ಹಾಜ್ ಬೀಹಿ. ವರ್ಷವಿಡೀ ಬಗ್ಗಿ ಬೆಳೆದದ್ದನ್ನು ಎರಡು ಬೆರಳಲ್ಲಿ ಉಜ್ಜಿ, ಕೆಳದುಟಿ ಮುಂದೆ ಮಾಡಿ, ಎರಡನೇ ದರ್ಜೆ ಎಂದುಬಿಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ತುಟಿ ಒಂದು ಸಲವೂ ಒಳಗೆ ಹೋದದ್ದನ್ನು ಇಜ್ಜಾ ಕಂಡಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು, ಎಂಟಲ್ಲ, ಹನ್ನೆರಡು ಮಂದಿಯೂ ಪಾಸಾಗುತ್ತೇವೆ ಎಂದು ಮಾತು ಕೊಟ್ಟವಳು ಅವಳೇ. ಮನೆಮನೆ ತಿರುಗಿ ಹೆಸರು ಬರೆಸಿದವಳೂ ಅವಳೇ. ಏಳು ವರ್ಷದವಳಿದ್ದಾಗಿನಿಂದ ಎಳೆ ಬಿಡಿಸುತ್ತಿರುವ ನನಗೆ ಕೇಸರಿ ಪಾಠ ಹೇಳುವ ಗಂಡಸು ಯಾವನು ಎಂದು ಕೆಲ್ತೂಮ ಎಂಬವಳು ತಿರುಗಿಬಿದ್ದಾಗ, ಪಾಠ ನಮಗೆ ಬೇಡ, ಮೊಹರು ಬೇಕು, ಅವನ ಪಾಠ ಅವನೇ ಇಟ್ಟುಕೊಳ್ಳಲಿ ಎಂದು ಒಪ್ಪಿಸಿದ್ದಳು.

ಆ ಪಾಠಗಳಾದರೂ ಎಂಥವು! ಕೋಟು ತೊಟ್ಟ ಒಬ್ಬಾತ ಬಿಳಿ ಗೋಡೆಯ ಮುಂದೆ ನಿಂತು, ಮಸೀದಿಯಲ್ಲಿ ಪ್ರವಚನ ಕೊಡುವವರ ಗ್ರಂಥದ ಅರಬ್ಬಿಯಲ್ಲಿ, ಕೇಸರಿ ಹೂವನ್ನು ಚಿಮುಟದಲ್ಲಿ ಸತ್ತ ಹಲ್ಲಿಯ ಹಾಗೆ ಎತ್ತಿ ಹಿಡಿದು ಮಾತಾಡುತ್ತಿದ್ದ. ಅವನ ಹೂ ಪೂರಾ ಅರಳಿತ್ತು. ಅಷ್ಟು ಅರಳಿದ ಹೂವನ್ನು ತಿಗ್ಮಿರಾದಲ್ಲಿ ಯಾರಾದರೂ ಮನೆಗೆ ತಂದರೆ ಅತ್ತೆ ಬುಟ್ಟಿಯನ್ನು ಮುಖಕ್ಕೆಸೆಯುತ್ತಿದ್ದಳು. ನಾಲ್ಕನೆಯ ಪಾಠದಲ್ಲಿ ಕೇಸರಿಯ ಸುದ್ದಿಯೇ ಇರಲಿಲ್ಲ. ಮುಕ್ಕಾಲು ಗಂಟೆ ಆತ್ಮವಿಶ್ವಾಸದ ಮೇಲೆ ಮಾತು. ಕನ್ನಡಿಯ ಮುಂದೆ ನಿಂತು ನಾನು ಮಾಡಬಲ್ಲೆ ಎಂದು ದಿನಾ ಮೂರು ಸಲ ಹೇಳಿಕೊಳ್ಳಿ ಎಂದ. ಮರುದಿನ ಕೆಲ್ತೂಮ ತನ್ನ ಒದೆಯುವ ಹಸುವಿನ ಮುಂದೆ ನಿಂತು ಮೂರು ಸಲ ಹಾಗೆಂದು, ಆಮೇಲೂ ಒದೆಸಿಕೊಂಡು ಬಂದಳು. ಆ ಕಥೆ ಒಂದು ವಾರ ಬಾವಿಕಟ್ಟೆಯಲ್ಲಿ ನಡೆಯಿತು.

ಆದರೂ ಅವರು ಹತ್ತು ಪಾಠವನ್ನೂ ಕೇಳಿದರು. ಕಡೆಯ ಅಕ್ಷರದವರೆಗೂ ಕೇಳಿದರು. ಊರಿನಲ್ಲಿ ಸಿಗ್ನಲ್ ಸಿಗುವುದು ಮುದುಕಿ ಯಾಮ್ನಾಳ ಅಂಗಳದ ಒಂದು ಮೂಲೆಯಲ್ಲಿ, ಕೊಟ್ಟಿಗೆಯ ಗೋಡೆಯ ಹತ್ತಿರ, ಆಳೆತ್ತರದಲ್ಲಿ ಮಾತ್ರ. ಹ್ಮಾದ್ ಹಿಟ್ಟಿನ ಜರಡಿಯೊಳಗೆ ತನ್ನ ಫೋನು ಕೂರಿಸಿ, ಜರಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಲ್ಲುತ್ತಿದ್ದ. ಹೆಂಗಸರು ಕೆಳಗೆ ಕೂತು ಉಣ್ಣೆ ನೂಲುತ್ತಾ ನೋಡುತ್ತಿದ್ದರು. ಇಜ್ಜಾ ಸಾಲು ಸಾಲಾಗಿ ತಿರುಗಿಸಿ ಹೇಳುತ್ತಿದ್ದಳು. ಹ್ಮಾದನ ಭುಜ ನೋಯತೊಡಗಿದಾಗ ಕೋಟಿನವನ ಮುಖ ಅಲ್ಲಾಡುತ್ತಿತ್ತು. ಆಗ ಯಾರಾದರೊಬ್ಬರು, ಹ್ಮಾದ್, ನೆಟ್ಟಗೆ ಹಿಡಿ, ಮೇಷ್ಟ್ರಿಗೆ ತಲೆ ಸುತ್ತುತ್ತೆ ಎನ್ನುತ್ತಿದ್ದರು.

ಹನ್ನೆರಡು ಹೆಸರಿನಲ್ಲಿ ಮೊದಲು ಯಾರ ಹೆಸರಿನ ಪಾಠ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಬಿತ್ತನೆಯೋ ಕೊಯ್ಲೋ ಮನೆಗೆ ಮಣ್ಣು ಮೆತ್ತುವುದೋ, ಆ ಸೀಮೆಯಲ್ಲಿ ಎಲ್ಲ ಕೆಲಸವೂ ಮುಯ್ಯಾಳಿನಲ್ಲೇ ನಡೆಯುವುದು. ಎಲ್ಲರೂ ಸೇರಿ ಒಬ್ಬರದನ್ನು ಪೂರಾ ಮುಗಿಸಬೇಕು, ಆಮೇಲೆ ಇನ್ನೊಬ್ಬರದು. ಒಬ್ಬರ ಹೊಲ ಅರ್ಧಕ್ಕೆ ಬಿಟ್ಟು ಮತ್ತೊಬ್ಬರ ಹೊಲಕ್ಕೆ ಕಾಲಿಡುವ ಪದ್ಧತಿಯಿಲ್ಲ. ಮೊದಲು ಯಾವಾಗಲೂ ಎಲ್ಲರಿಗಿಂತ ಹಿರಿಯರದು. ಹಿರಿಯಳು ಯಾಮ್ನಾ, ಎಂಬತ್ತು ದಾಟಿದವಳು, ಎರಡು ಕಣ್ಣಿಗೂ ಪೊರೆ. ಹಾಗಾಗಿ ಹತ್ತು ಪಾಠವನ್ನೂ ಯಾಮ್ನಾಳ ಹೆಸರಿನಲ್ಲಿ ತೆರೆದರು, ಹತ್ತು ಪರೀಕ್ಷೆಯನ್ನೂ ಯಾಮ್ನಾಳ ಹೆಸರಿನಲ್ಲಿ ಬರೆದರು. ಫೋನು ಓದಿ ಹೇಳುವ ಪ್ರತಿಯೊಂದು ಪ್ರಶ್ನೆಗೂ ಹನ್ನೊಂದು ಮಂದಿ ಜಗಳವಾಡಿ ಉತ್ತರ ಒಪ್ಪುತ್ತಿದ್ದರು. ನೂರಕ್ಕೆ ತೊಂಬತ್ತನಾಲ್ಕು ಬಂತು. ಕಳೆದುಕೊಂಡ ಆರು ಅಂಕದಲ್ಲಿ ನಾಲ್ಕು, ಅವರ ಉತ್ತರ ಸರಿಯಿದ್ದು ಕೋಟಿನವನೇ ತಪ್ಪಿದ್ದರಿಂದ ಹೋದವು.

ಆಮೇಲೆ ಹೂ ಬಿಟ್ಟಿತು. ಹೂ ಮುಗಿದ ಮೇಲೆ ಉಳಿದ ಹನ್ನೊಂದು ಹೆಸರಿನ ಪರೀಕ್ಷೆಗೆ ಕೂರುವುದೆಂದು ಮಾತಾಗಿತ್ತು. ಪಾಠ ಹೇಗೂ ಎಲ್ಲರ ತಲೆಯಲ್ಲಿತ್ತು. ಒಂದು ವಾರದ ಕೆಲಸ. ಕೋರ್ಸು ಡಿಸೆಂಬರ್ ಕೊನೆಯವರೆಗೆ ಎಂದು ಕಾಗದದಲ್ಲಿತ್ತು. ಹೆಸರು ಕೊಟ್ಟು ಮೂವತ್ತು ದಿನವಾದರೂ ತಮ್ಮ ಹೆಸರಿನ ಪಾಠ ತೆರೆಯದವರನ್ನು ಯಂತ್ರ ತಾನೇ ಹೊರಹಾಕುತ್ತದೆಂಬುದು ಆ ಕಾಗದದಲ್ಲಿರಲಿಲ್ಲ. ಎಚ್ಚರಿಕೆಯ ಸಂದೇಶಗಳು ಬಂದಿದ್ದವಂತೆ, ಫ್ರೆಂಚಿನಲ್ಲಿ, ಹ್ಮಾದನ ಫೋನಿಗೆ. ಹೆಚ್ಚಿನವರು ಕೊಟ್ಟಿದ್ದ ನಂಬರು ಅವನದೇ. ಓದಲು ಬಾರದ ಹ್ಮಾದ್ ಅವನ್ನು ಫೋನು ಕಂಪನಿಯ ಜಾಹೀರಾತೆಂದು ಒಂದೊಂದಾಗಿ ಅಳಿಸಿಹಾಕಿದ್ದ.

ಇದನ್ನೆಲ್ಲ ಇಜ್ಜಾ ಎಳೆ ಬಿಡಿಸುತ್ತಲೇ ಜವಾದನಿಗೆ ಹೇಳಿದಳು. ಅವನು ಗಮನವಿಟ್ಟು ಕೇಳಿದ, ತಲೆಯಾಡಿಸಿದ, ಟ್ಯಾಬ್ಲೆಟ್ಟಿನಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಕಡೆಗೆ ದಿಂಬು ಬಿಟ್ಟು ಮುಂದೆ ಬಾಗಿ ದನಿ ತಗ್ಗಿಸಿದ. ಇದನ್ನು ಬೇರೆ ಯಾರ ಹತ್ತಿರವೂ ಹೇಳಬೇಡಿ, ಇದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗಾಗುತ್ತದೆ, ಗೊತ್ತಾದರೆ ಲಲ್ಲಾ ಯಾಮ್ನಾಳ ಪ್ರಮಾಣಪತ್ರವನ್ನೂ ರದ್ದು ಮಾಡುತ್ತಾರೆ ಎಂದ. ನಾನು ಕೇಳಿಸಿಕೊಂಡಿಲ್ಲ ಎಂದುಕೊಳ್ಳಿ ಎಂದ. ಅವನ ಮುಖದಲ್ಲಿ ಉಪಕಾರ ಮಾಡಿದವನ ಕಳೆ ಇತ್ತು.

"ಕಾಪಿ ಅಂದ್ರೆ?" ಎಂದಳು ಇಜ್ಜಾ.

"ಒಬ್ಬರ ಹೆಸರಿನ ಕೆಲಸ ಇನ್ನೊಬ್ಬರು ಮಾಡೋದು."

"ನಿಮ್ಮೂರಲ್ಲಿ ಅದಕ್ಕೆ ಕಾಪಿ ಅಂತಾರಾ?"

ಅವನು ನಕ್ಕ. ಆ ನಗು ಇಜ್ಜಾಗೆ ಇಷ್ಟವಾಗಲಿಲ್ಲ. ಅವಳು ಹೇಳಿದ್ದನ್ನು ಅವನು ತಮಾಷೆಯೆಂದು ಬಗೆದಿದ್ದ.

ಅವನ ಟ್ಯಾಬ್ಲೆಟ್ಟಿನಲ್ಲಿ ಕೋರ್ಸು ಬಿಡಲು ಐದು ಕಾರಣಗಳಿದ್ದವು. ರಬಾತಿನಲ್ಲಿ ಯಾರೋ ಕೂತು ಐದೇ ಎಂದು ನಿರ್ಧರಿಸಿದ್ದರು. ಸಮಯವಿಲ್ಲ. ಇಂಟರ್ನೆಟ್ಟಿಲ್ಲ. ಪಾಠ ಕಷ್ಟವಾಯಿತು. ಗಂಡ ಅಥವಾ ಮನೆಯವರು ಒಪ್ಪಲಿಲ್ಲ. ಆಸಕ್ತಿಯಿಲ್ಲ. ಐದರಲ್ಲಿ ಒಂದನ್ನು ಒತ್ತದೆ ಪುಟ ಮುಂದೆ ಹೋಗುತ್ತಿರಲಿಲ್ಲ. ಇಜ್ಜಾ ಐದನ್ನೂ ಓದಿಸಿ ಕೇಳಿದಳು. ಬಿಟ್ಟಿಲ್ಲ ಎಂಬುದು ಎಲ್ಲಿದೆ ಎಂದು ಕೇಳಿದಳು. ಬಿಟ್ಟಿದ್ದೀರಲ್ಲ, ಇಲ್ಲಿ ತೋರಿಸುತ್ತಿದೆಯಲ್ಲ ಎಂದು ಅವನು ಪರದೆಯನ್ನು ತಿರುಗಿಸಿ ತೋರಿಸಿದ. ಹನ್ನೊಂದು ಹೆಸರಿನ ಮುಂದೆ ಹನ್ನೊಂದು ಕೆಂಪು ಚುಕ್ಕೆ.

ಒತ್ತುವ ಮೊದಲು ಅವನಿಗೆ ಇನ್ನೊಂದು ಕೆಲಸವಿತ್ತು. ಕೋರ್ಸು ಮುಗಿಸಿದ ಮಹಾ ವಿದ್ಯಾರ್ಥಿನಿಯ ವಿಡಿಯೋ ಆಗಬೇಕು, ದೊಡ್ಡ ಸಭೆಯಲ್ಲಿ ತೋರಿಸಬೇಕು. ಬಾಗಿಲ ಬಳಿ ಬಿಸಿಲು ಕಾಯಿಸುತ್ತಾ ಜಪಮಣಿ ಎಣಿಸುತ್ತಿದ್ದ ಯಾಮ್ನಾಳ ಮುಂದೆ ಅವನು ಮಂಡಿಯೂರಿ ಕೂತು ಫೋನು ಹಿಡಿದ.

"ಇವನ್ಯಾರ ಮಗ?" ಎಂದಳು ಯಾಮ್ನಾ.

ರಬಾತಿನವನೆಂದು ಇಜ್ಜಾ ಅವಳ ಕಿವಿಯಲ್ಲಿ ಕೂಗಿದಳು. ಇಷ್ಟು ವಯಸ್ಸಿನಲ್ಲಿ ಈ ಕೋರ್ಸು ಹೇಗೆ ಮುಗಿಸಿದಿರಿ ಎಂದು ಕೇಳುತ್ತಿದ್ದಾನೆಂದೂ ಕೂಗಿದಳು.

"ನಾನೆಲ್ಲಿ ಮುಗಿಸಿದೆ? ನಾನು ನಿದ್ದೆ ಮಾಡ್ತಿದ್ದೆ ಕಣಪ್ಪ. ಇವ್ರ ಗಲಾಟೇಲಿ ಅದೂ ಸರಿಯಾಗಿ ಬರ್ತಿರಲಿಲ್ಲ."

ಏನಂದರು ಎಂದು ಜವಾದ್ ಕೇಳಿದ. ಇಜ್ಜಾ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವನು ಬಾಯ್ತುಂಬ ನಕ್ಕು, ಎಂಥ ಹಾಸ್ಯಪ್ರಜ್ಞೆ, ಆದರೆ ಇದನ್ನು ಕತ್ತರಿಸಿ ಹಾಕೋಣ ಎಂದ. ಎಳೆಯೊಂದನ್ನು ಯಾಮ್ನಾಳ ಕೈಗೆ ಕೊಟ್ಟು, ಅದನ್ನು ಪರೀಕ್ಷಿಸುವವರ ಹಾಗೆ ಕಣ್ಣ ಮುಂದೆ ಹಿಡಿಯಲು ಹೇಳಿಸಿದ. ಯಾಮ್ನಾ ಅದನ್ನು ಬಾಯಿಗೆ ಹಾಕಿಕೊಂಡಳು. ಹೆಂಗಸರು ಹೂವಿನ ರಾಶಿಯ ಮೇಲೆ ತಲೆ ಬಗ್ಗಿಸಿ ಭುಜ ಕುಣಿಸಿ ನಕ್ಕರು. ಇಜ್ಜಾ ನಗಲಿಲ್ಲ. ಈ ಹುಡುಗ ಇದನ್ನೂ ಒಂದು ಯಶಸ್ಸೆಂದು ಬರೆದುಕೊಂಡು ಹೋಗುತ್ತಾನೆ, ಅದನ್ನು ನೋಡಿ ದೊಡ್ಡ ಸಭೆ ಚಪ್ಪಾಳೆ ತಟ್ಟುತ್ತದೆ, ಇಲ್ಲಿ ಹಾಜ್ ಬೀಹಿಯ ತುಟಿ ಹಾಗೇ ಇರುತ್ತದೆ ಎಂದು ಅವಳ ಮನಸ್ಸು ಲೆಕ್ಕ ಹಾಕುತ್ತಿತ್ತು.

ಕೋಣೆಯ ಮಾತನ್ನು ಅವಳೇ ಎತ್ತಿದಳು. ಒಂದೇ ಪ್ರಮಾಣಪತ್ರ ಸಾಲದು, ಎಂಟು ಬೇಕು, ಇಲ್ಲದಿದ್ದರೆ ಕೋಣೆ ಪಕ್ಕದ ಅಸ್ದ್ರಮ್ ಊರಿಗೆ ಹೋಗುತ್ತದೆ, ಅಲ್ಲಿ ಒಂಬತ್ತು ಮಂದಿ ಪಾಸಾಗಿದ್ದಾರೆ ಎಂದ ಜವಾದ್. ಅಸ್ದ್ರಮಿನಲ್ಲಿ ಕೇಸರಿ ಬೆಳೆಯುವವರು ನಾಲ್ಕೇ ಮನೆಯವರು, ಮಿಕ್ಕವರದು ಬಾದಾಮಿ. ಆ ಒಂಬತ್ತರಲ್ಲಿ ಆರು ಮಂದಿ ಅಲ್ಲಿನ ಶಾಲಾ ಮೇಷ್ಟ್ರ ಅಕ್ಕತಂಗಿಯರು, ಹೆಣ್ಣುಮಕ್ಕಳು, ಸೊಸೆ. ಅವಳು ಅದನ್ನೂ ಹೇಳಿದಳು. ಅವರು ನಿಯಮದ ಪ್ರಕಾರ ಒಬ್ಬೊಬ್ಬರಾಗಿಯೇ ಬರೆದಿದ್ದಾರೆ ಎಂದ.

ಆಮೇಲೆ ಅವನು ಒಂದು ದಾರಿ ಹೇಳಿದ. ಗಂಡ ಒಪ್ಪಲಿಲ್ಲ ಎಂಬ ನಾಲ್ಕನೆಯ ಕಾರಣ ಒತ್ತಿದವರನ್ನು ಅಡೆತಡೆ ಇರುವವರೆಂದು ಬೇರೆ ಪಟ್ಟಿಗೆ ಸೇರಿಸುತ್ತಾರೆ. ಅವರಿಗೆ ಮಾತ್ರ ಇನ್ನೊಂದು ಅವಕಾಶವುಂಟು, ಜನವರಿಯಲ್ಲಿ. ಹಣ ಕೊಡುವ ದೊಡ್ಡವರಿಗೂ ಆ ಕಾರಣವೇ ಇಷ್ಟ. ಅದಕ್ಕಾಗಿ ಅವರು ಏನು ಬೇಕಾದರೂ ಮಾಡುತ್ತಾರೆ.

"ಹನ್ನೊಂದಕ್ಕೂ ನಾಲ್ಕನೇದು ಒತ್ತೋಣ," ಎಂದ. "ಮಿಕ್ಕಿದ್ದು ನಾನು ನೋಡ್ಕೋತೀನಿ. ನಿಮ್ಮ ಕೋಣೆ ನಿಮಗೆ ಬರುತ್ತೆ."

ಇದನ್ನು ಇಜ್ಜಾ ಎಲ್ಲರಿಗೂ ತಿರುಗಿಸಿ ಹೇಳಿದಳು. ಅಂಗಳದಲ್ಲಿ ಕೈಗಳು ನಿಂತವು. ಹನ್ನೊಂದು ಮಂದಿಯ ಗಂಡಂದಿರಲ್ಲಿ ಎಂಟು ಜನ ಕಾಸಾಬ್ಲಾಂಕಾದಲ್ಲಿ, ಅಗಾದಿರಿನಲ್ಲಿ ಅಂಗಡಿಯ ಗಲ್ಲಾದ ಹಿಂದೆ ಕೂತವರು. ಹಬ್ಬಕ್ಕೆ ಬಂದು ಹೋಗುವವರು. ಹೆಂಡತಿ ಕೋರ್ಸಿಗೆ ಸೇರಿದ್ದು ಅವರಲ್ಲಿ ಅರ್ಧದಷ್ಟು ಜನಕ್ಕೆ ಗೊತ್ತೇ ಇರಲಿಲ್ಲ. ಇಬ್ಬರು ತೀರಿಹೋಗಿದ್ದರು. ಊರಿನಲ್ಲಿ ಇದ್ದವನು ಹ್ಮಾದ್ ಒಬ್ಬನೇ.

ಮೊದಲು ಮಾತಾಡಿದವಳು ತೂದಾ. ಅವಳ ಗಂಡ ಅಗಾದಿರಿನಲ್ಲಿರುವವನು, ಏಳು ವರ್ಷದಲ್ಲಿ ಮೂರು ಸಲ ಬಂದವನು. "ಒತ್ತಿಬಿಡಿ," ಎಂದಳು. "ನನ್ನ ಗಂಡ ಒಪ್ಪಲಿಲ್ಲ ಅಂತ ಬರೀಲಿ. ಅವನು ನನ್ನ ವಿಷಯದಲ್ಲಿ ಒಂದಾದ್ರೂ ಮಾತಾಡಿದ ಅಂತ ಕಾಗದದಲ್ಲಾದ್ರೂ ಇರಲಿ."

ಸತ್ತವನು ಹ್ಯಾಗಮ್ಮ ಬೇಡ ಅಂತಾನೆ ಎಂದು ಕೆಲ್ತೂಮ ಕೇಳಿದಳು. ಅವಳ ಗಂಡ ತೀರಿ ನಾಲ್ಕು ವರ್ಷವಾಗಿತ್ತು. ಇಜ್ಜಾ ಅದನ್ನು ತಿರುಗಿಸಿ ಹೇಳಿದಾಗ ಜವಾದ್, ಮಾವನೋ ಮೈದುನನೋ ಇದ್ದರೆ ಅವರೂ ಆಗುತ್ತಾರೆ, ಮನೆಯವರು ಎಂದಿದೆಯಲ್ಲ ಎಂದು ಸಮಾಧಾನ ಹೇಳಿದ. ಯಾರಾದರೊಬ್ಬ ಗಂಡಸು ಅಡ್ಡ ನಿಂತರೆ ಅವನಿಗೆ ಸಾಕಾಗಿತ್ತು.

ಅಷ್ಟರಲ್ಲಿ ಹ್ಮಾದ್ ಇನ್ನೊಂದು ಬುಟ್ಟಿ ಹೂ ಹೊತ್ತು ಒಳಗೆ ಬಂದ. ಕೆಳಗಿಳಿಸಿ, ಬೆವರೊರೆಸಿಕೊಂಡು, ಏನು ಎಲ್ಲರೂ ಸುಮ್ಮನಾಗಿದ್ದೀರಿ ಎಂದ. ತೂದಾಳೇ ಅವನಿಗೆ ವಿಷಯ ಹೇಳಿದಳು. ಹ್ಮಾದ್ ಮೊದಲು ನಕ್ಕ. ಆಮೇಲೆ ಬುಟ್ಟಿಯ ಅಂಚಿಗೆ ಅಂಟಿದ್ದ ಎಸಳೊಂದನ್ನು ಬಿಡಿಸುತ್ತಾ ನಿಂತ.

"ಬರೆಸು ಇಜ್ಜಾ," ಎಂದ. "ರಬಾತಿನವರಿಗೆ ನನ್ನ ಮುಖ ಗೊತ್ತಾ, ಏನು? ಕೋಣೆ ಬಂದ್ರೆ ಸಾಕು."

ಹೇಳುವಾಗ ಅವನು ಅವಳ ಕಡೆ ನೋಡಲಿಲ್ಲ. ಹೊರಗೆ ಕತ್ತೆ ಕಟ್ಟುವ ನೆಪ ಹೇಳಿ ಹೋದ. ಕತ್ತೆಯನ್ನು ಅವನು ಬರುವಾಗಲೇ ಕಟ್ಟಿದ್ದ.

ಇಜ್ಜಾ ಸ್ವಲ್ಪ ಹೊತ್ತು ಹೂ ಬಿಡಿಸಿದಳು. ಕೋಣೆ ಅವಳಿಗೆ ಬೇಕಾಗಿತ್ತು. ಕನಸಿನಲ್ಲಿ ಬೇಕೆನಿಸುವ ಹಾಗಲ್ಲ, ಬಾಯಾರಿದಾಗ ನೀರು ಬೇಕೆನಿಸುವ ಹಾಗೆ. ಅದರ ಬಾಗಿಲು ಯಾವ ದಿಕ್ಕಿಗಿರಬೇಕು, ದೀಪ ಎಲ್ಲಿ ತೂಗಬೇಕು ಎಂಬುದನ್ನೆಲ್ಲ ಯೋಚಿಸಿಟ್ಟಿದ್ದಳು. ಹಾಜ್ ಬೀಹಿ ಮುಂದಿನ ವಾರ ಬರುತ್ತಾನೆ. ಒಂದು ಸುಳ್ಳು ಒತ್ತಿದರೆ ಬರುವ ವರ್ಷ ಅವನಿಗೆ ಮೊಹರು ತೋರಿಸಬಹುದು. ಸುಳ್ಳೇನೂ ಅವಳಿಗೆ ಹೊಸದಲ್ಲ. ತೆರಿಗೆಯವರಿಗೆ, ಅರಣ್ಯ ಇಲಾಖೆಯವರಿಗೆ, ಹೆಣ್ಣು ನೋಡಲು ಬಂದವರಿಗೆ ಎಷ್ಟೋ ಹೇಳಿದ್ದಳು. ಆದರೆ ಆ ಸುಳ್ಳುಗಳನ್ನು ಅವಳೇ ಆರಿಸಿಕೊಂಡಿದ್ದಳು. ಇದು ಅವರು ಮೊದಲೇ ಬರೆದು ತಂದಿದ್ದ ಸುಳ್ಳು. ಇವಳು ಒತ್ತಿದರೆ ಅದು ನಿಜವಾಗುತ್ತದೆ. ತಿಗ್ಮಿರಾದ ಗಂಡಸರು ಹೆಂಗಸರನ್ನು ಓದಲು ಬಿಡುವುದಿಲ್ಲ ಎಂದು ಎಲ್ಲೋ ಅಚ್ಚಾಗುತ್ತದೆ. ಬರುವ ವರ್ಷ ಇನ್ನೊಂದು ಜೀಪು ಬರುತ್ತದೆ, ಹ್ಮಾದನನ್ನು ದಿಂಬಿಗೆ ಒರಗಿಸಿ ಹೆಂಡತಿಗೆ ಮರ್ಯಾದೆ ಕೊಡುವುದು ಹೇಗೆಂದು ಹತ್ತು ಪಾಠ ಹೇಳಲು. ಅದಕ್ಕೂ ಕೋಟು ತೊಟ್ಟವನೊಬ್ಬ ಇರುತ್ತಾನೆ.

"ಐದನೇದು ಏನು ಅಂದ್ರಿ?" ಎಂದಳು.

"ಆಸಕ್ತಿಯಿಲ್ಲ."

"ನನ್ನ ಹೆಸರಿಗೆ ಅದನ್ನ ಒತ್ತಿ."

ಅವನಿಗೆ ಅರ್ಥವಾಗಲಿಲ್ಲ. ಅದು ಎಲ್ಲಕ್ಕಿಂತ ಕೆಟ್ಟ ಉತ್ತರ ಎಂದ. ಅದನ್ನು ಒತ್ತಿದವರನ್ನು ಇನ್ನು ಮೂರು ವರ್ಷ ಯಾವುದಕ್ಕೂ ಕರೆಯುವುದಿಲ್ಲ ಎಂದ. ನಿಮಗೆ ಇಷ್ಟೊಂದು ಆಸಕ್ತಿ ಇರುವಾಗ ಹೀಗೆ ಸುಳ್ಳು ಬರೆಯಲು ನನಗೆ ಮನಸ್ಸು ಬರುವುದಿಲ್ಲ ಎಂದೂ ಹೇಳಿದ. ಅವನಿಗೆ ನಿಜಕ್ಕೂ ನೋವಾಗಿತ್ತು.

"ಇತ್ತು," ಎಂದಳು ಇಜ್ಜಾ. "ಇವತ್ತು ನೀವು ಬಂದು ಕೂರೋ ತನಕ ಇತ್ತು. ಈಗ ಇಲ್ಲ. ನಿಮ್ಮ ಐದರಲ್ಲಿ ನಿಜವಾಗಿರೋದು ಇದೊಂದೇ. ಒತ್ತಿ."

ಅವನು ಉಳಿದವರ ಕಡೆ ನೋಡಿದ. ತಾನು ಹೇಳಿದ್ದನ್ನು ಇಜ್ಜಾ ಅವರಿಗೆ ತಿರುಗಿಸಬೇಕಾಗಿ ಬಂತು. ತಿರುಗಿಸಿ, ನಿಮ್ಮ ನಿಮ್ಮ ಹೆಸರಿಗೆ ಏನು ಬೇಕೋ ನೀವೇ ಹೇಳಿ, ಇದು ಮುಯ್ಯಾಳು ಕೆಲಸ ಅಲ್ಲವಂತೆ, ಒಬ್ಬೊಬ್ಬರೇ ಮಾಡಬೇಕಂತೆ ಎಂದಳು. ಕೆಲ್ತೂಮ ತಲೆಯೆತ್ತದೆ ಐದು ಬೆರಳು ತೋರಿಸಿದಳು. ಅವಳ ಪಕ್ಕದವಳು ತೋರಿಸಿದಳು. ಹಳದಿ ಬಳಿದ ಕೈಗಳು ರಾಶಿಯ ಸುತ್ತ ಒಂದೊಂದಾಗಿ ಎದ್ದು ಇಳಿದವು, ಜವಾದ್ ಒಂದೊಂದಾಗಿ ಒತ್ತಿದ. ತೂದಾಳ ಸರದಿ ಬಂದಾಗ ಅವಳು ನಾಲ್ಕು ಬೆರಳು ತೋರಿಸಿದಳು. ತೋರಿಸಿ, ಇಜ್ಜಾಳನ್ನು ನೆಟ್ಟಗೆ ನೋಡಿದಳು. ನಿನ್ನ ಗಂಡ ಮನೆಯಲ್ಲಿದ್ದಾನೆ, ನಿನಗೆ ಮರ್ಯಾದೆಯ ಚಿಂತೆ, ನನಗೆ ಕೋಣೆ ಬೇಕಿತ್ತು ಎಂದಳು. ಇಜ್ಜಾ ಜವಾದನ ಕಡೆ ತಿರುಗಿ, ಇವಳಿಗೆ ನಾಲ್ಕು ಎಂದಳು.

ಜವಾದ್ ಟೀ ಕುಡಿದು ಎದ್ದ. ದಾರಿಯಲ್ಲಿ ಅಸ್ದ್ರಮ್ ಎಷ್ಟು ದೂರ ಎಂದು ಕೇಳಿದ. ಕೆಲ್ತೂಮ ಗೊತ್ತಿಲ್ಲವೆಂದಳು, ಅವಳ ತವರೂರು ಅದು.

ಜೀಪು ಹೋದ ಮೇಲೆ ತೂದಾ ತನ್ನ ಪಾಲಿನ ಹೂವನ್ನು ಬೇರೆ ಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಮುಂದಿನ ವಾರ ಹಾಜ್ ಬೀಹಿ ಬಂದಾಗ ತಾನೇ ಚೀಲ ಬಿಚ್ಚಿ ತೋರಿಸಬೇಕು, ತಾನೇ ನಿಂತು ಎರಡನೇ ದರ್ಜೆ ಎಂಬುದನ್ನು ಕೇಳಿಸಿಕೊಳ್ಳಬೇಕು ಎಂಬುದು ಇಜ್ಜಾಗೆ ಗೊತ್ತಿತ್ತು. ಆಗ ತೂದಾ ಅಲ್ಲೇ ನಿಂತಿರುತ್ತಾಳೆ ಎಂಬುದೂ ಗೊತ್ತಿತ್ತು. ಹ್ಮಾದ್ ಒಳಗೆ ಬಂದು, ಏನು ಬರೆಸಿದೆ ಎಂದು ಕೇಳಿದ. ಅವಳು ಹೇಳಿದಳು. ಅವನು ಅವಳ ಪಕ್ಕದಲ್ಲಿ ಕೂತು, ತಾನು ತಂದ ಬುಟ್ಟಿಯನ್ನು ಚಾಪೆಯ ಮೇಲೆ ಬೋರಲು ಹಾಕಿದ. ಬಿಸಿಲು ಇಳಿಯಲು ಇನ್ನೆರಡು ಗಂಟೆಯಿತ್ತು. ರಾಶಿ ಮೊಣಕಾಲಿನ ಎತ್ತರಕ್ಕಿತ್ತು.